ಆನೆ ಬಂದರೆ ಮೆಸೇಜ್ ಬರುತ್ತದೆ, ಇಂಜೆಕ್ಷನ್ ಬಂದರೆ ಬರುವುದಿಲ್ಲ: ಹಾಸನದಿಂದ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಬೆಂಗಳೂರಿನಲ್ಲಿ ಕೂತು ನಮಗಾಗಿ ಆ್ಯಪ್, ಪೋರ್ಟಲ್ ಮಾಡಿಸುವ ಇಲಾಖೆಯ ಎಲ್ಲರಿಗೂ,

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಮಲೆನಾಡು ಕಡೆಯವಳು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ತಮ್ಮ ಯಾರು ಅಂತ ಸುತ್ತಮುತ್ತ ಎಲ್ಲರಿಗೂ ಗೊತ್ತಾಗುತ್ತದೆ. ಅವನನ್ನು ಕೇಳಿಯೇ ಈ ಪತ್ರ ಬರೆಯುತ್ತಿದ್ದೇನೆ. "ಬರಿ ಅಕ್ಕಾ, ಹೆಸ್ರು ಮಾತ್ರ ಹಾಕ್ಬೇಡ" ಅಂದ. ಯಾವ ನರ್ಸಮ್ಮನ ಮೇಲೂ ಯಾವ ಡಾಕ್ಟರ ಮೇಲೂ ದೂರು ಹೇಳುವುದು ನನ್ನ ಉದ್ದೇಶ ಅಲ್ಲ. ಅವರಲ್ಲಿ ಎಷ್ಟೋ ಜನ ನಮ್ಮ ಮನೆಯವರ ಹಾಗೆ ನೋಡಿಕೊಂಡಿದ್ದಾರೆ.

ತಮ್ಮನಿಗೆ ಸ್ಕಿಜೋಫ್ರೇನಿಯಾ. ಹನ್ನೊಂದು ವರ್ಷ ಆಯಿತು. ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದ ಹುಡುಗ, ಒಂದು ದಿನ ರೂಮು ಖಾಲಿ ಮಾಡಿ ಬಂದ. ಯಾರೋ ಮಾತಾಡುತ್ತಾರೆ, ಬೈಯುತ್ತಾರೆ ಅಂದ. ಮೊದಲು ದೇವಸ್ಥಾನ, ತಡೆ ಒಡೆಸುವುದು, ತಾಯಿತ ಎಲ್ಲ ಆಯಿತು. ಆಮೇಲೆ ನಿಮ್ಹಾನ್ಸ್. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು, ಔಷಧಿ ಸಿಕ್ಕಿತು. ಆದರೆ ತಿಂಗಳು ತಿಂಗಳು ಬೆಂಗಳೂರಿಗೆ ಹೋಗಿ ಬರುವುದು ಕೂಲಿ ಮಾಡುವ ಮನೆಗೆ ಆಗುತ್ತದಾ? ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಅಂತ ಶುರು ಮಾಡಿತ್ತಲ್ಲ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು, ಅದು ನಮ್ಮನ್ನು ಉಳಿಸಿತು. ಇವತ್ತಿಗೂ ನಮ್ಮ ಮನೆಯಲ್ಲಿ ಮಂಗಳವಾರ ಅಂದರೆ ಆಸ್ಪತ್ರೆ ವಾರ.

ಅವನಿಗೆ ಮಾತ್ರೆ ದಿನಾ ನುಂಗಿಸುವುದು ಕಷ್ಟ. ಅದಕ್ಕೆ ನಾಲ್ಕು ವಾರಕ್ಕೊಮ್ಮೆ ಸೊಂಟಕ್ಕೆ ಇಂಜೆಕ್ಷನ್. ಫ್ಲೂಫೆನಜೈನ್ ಅಂತ ಅದರ ಹೆಸರು. ಎಳ್ಳೆಣ್ಣೆಯಲ್ಲಿ ಕಲಸಿದ ಔಷಧಿ ಅದು, ಮಾಂಸದೊಳಗೆ ನಿಂತು ನಿಧಾನಕ್ಕೆ ಇಳಿಯುತ್ತದೆ ಅಂತ ಸಿಸ್ಟರ್ ಒಬ್ಬರು ಹೇಳಿದಾಗ ನಮ್ಮಮ್ಮನಿಗೆ ಎಂಥದೋ ಸಮಾಧಾನ. ಎಳ್ಳೆಣ್ಣೆ ಅಂದರೆ ಗೊತ್ತಿರುವ ವಸ್ತು ಅಲ್ವಾ. ಆ ಇಂಜೆಕ್ಷನ್ ಸರಿಯಾಗಿ ಬಿದ್ದರೆ ತಮ್ಮ ಹಸು ಕಟ್ಟುತ್ತಾನೆ, ಮೆಣಸು ಬಿಡಿಸುತ್ತಾನೆ, ರಾತ್ರಿ ಮಲಗುತ್ತಾನೆ. ತಪ್ಪಿದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಾನು ಟೆಕ್ನಾಲಜಿಗೆ ವಿರೋಧಿ ಅಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬಸ್ಸೇ ಇರಲಿಲ್ಲ. ಆಗಲೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮ ತಂದಿತು, ಮಾರ್ಚ್ 25ಕ್ಕೆ. ಡಾಕ್ಟರು ಫೋನಿನಲ್ಲಿ ಮಾತಾಡಿ ವಾಟ್ಸಾಪಿನಲ್ಲಿ ಚೀಟಿ ಕಳಿಸಿದರು, ಮೆಡಿಕಲ್ ಅಂಗಡಿಯವರು ಅದನ್ನು ನೋಡಿ ಮಾತ್ರೆ ಕೊಟ್ಟರು. ಆ ಮೂರು ತಿಂಗಳು ಫೋನ್ ಇರದಿದ್ದರೆ ನಮ್ಮ ಕಥೆ ಬೇರೆಯೇ ಆಗುತ್ತಿತ್ತು. 2015-16ರಲ್ಲಿ ನಿಮ್ಹಾನ್ಸ್‌ನವರು ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ಮಾನಸಿಕ ಕಾಯಿಲೆ ಇರುವವರಲ್ಲಿ ಚಿಕಿತ್ಸೆ ಸಿಗದೇ ಉಳಿದವರು ಕಾಯಿಲೆಯ ಮೇಲೆ ಶೇಕಡಾ 70ರಿಂದ 92ರವರೆಗೆ. ಇಷ್ಟೊಂದು ಜನರಿಗೆ ಇರುವ ಡಾಕ್ಟರುಗಳೇ ಓಡಾಡಿ ನೋಡುತ್ತಾರೆ ಅನ್ನುವುದು ಆಗದ ಮಾತು. ಫೋನ್ ಬೇಕೇ ಬೇಕು.

ಆದರೆ ಫೋನ್ ಯಾರ ಕೈಯಲ್ಲಿರಬೇಕು, ಯಾರ ಕೆಲಸ ಮಾಡಬೇಕು? ನಾನು ಬರೆಯುತ್ತಿರುವುದೇ ಅದಕ್ಕೆ.

ವಿಡಿಯೋ ಕಾಲಿನ ವಿಷಯ ಹೇಳುತ್ತೇನೆ. ನಮ್ಮ ಮನೆಯೊಳಗೆ ವಿಡಿಯೋಗೆ ಸಾಕಾಗುವಷ್ಟು ಟವರ್ ಸಿಗುವುದಿಲ್ಲ. ಸಿಗುವುದು ಕಾಫಿ ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಹೋದ ಸಲ ಡಾಕ್ಟರು ವಿಡಿಯೋದಲ್ಲಿ ನೋಡುತ್ತೇನೆ ಅಂದಾಗ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿತ್ತು, ಐದಾರು ಜನ ಕೆಲಸದವರು ಅಲ್ಲೇ ಇದ್ದರು. ಡಾಕ್ಟರು ಕೇಳಿದರು, "ಈಗ್ಲೂ ದನಿ ಕೇಳಿಸುತ್ತಾ? ಏನಂತಾರೆ?" ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು. ಕಾಫಿ ಎಳೆಯುತ್ತಿದ್ದ ಒಬ್ಬರು ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿದರು. ತಮ್ಮ "ಇಲ್ಲ" ಅಂದ. ಅದು ಸುಳ್ಳು. ಡಾಕ್ಟರು ಅದನ್ನೇ ಬರೆದುಕೊಂಡರು. ಅವರದ್ದು ಅದರಲ್ಲಿ ಏನೂ ತಪ್ಪಿಲ್ಲ.

ಇನ್ನೊಂದು. ಆ ಪರದೆಯ ಮೂಲೆಯಲ್ಲಿ ನಮ್ಮ ಮುಖವೂ ಚಿಕ್ಕದಾಗಿ ಕಾಣುತ್ತದಲ್ಲ, ಅದನ್ನು ನೋಡಿ ತಮ್ಮ ಹೆದರಿದ. "ಅಕ್ಕಾ, ಅದ್ರೊಳ್ಗೆ ಇನ್ನೊಬ್ಬ ಇದಾನೆ, ನಾನ್ ಮಾಡ್ದಂಗೇ ಮಾಡ್ತಾನೆ" ಅಂದ. ನಾನು ಆ ಮೂಲೆಯನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು ಫೋನ್ ಹಿಡಿದೆ. ಡಾಕ್ಟರಿಗೆ ಅವನ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ನಗುತ್ತಾನೆ, ಉತ್ತರ ಕೊಡುತ್ತಾನೆ, ಎಲ್ಲ ಸರಿ ಅನಿಸಿತು. ಕೆಳಗೆ ಅವನ ಕಾಲು ಒಂದು ನಿಮಿಷ ನಿಂತಿರಲಿಲ್ಲ. ಒಂದು ಕಾಲು ಎತ್ತುವುದು, ಇನ್ನೊಂದು ಊರುವುದು, ನಿಂತಲ್ಲೇ ನಡೆಯುವ ಹಾಗೆ. ಸರ್ ಇಲ್ಲಿ ನೋಡಿ ಅಂತ ನಾನು ಫೋನನ್ನು ಕೆಳಗೆ ಬಗ್ಗಿಸಿ ಕಾಲು ತೋರಿಸಿದೆ. ಅವರು ತಕ್ಷಣ "ಓ, ಇದು ಔಷಧಿಯಿಂದ ಆಗ್ತಿರೋದು" ಅಂತ ಮಾತ್ರೆ ಬದಲಿಸಿದರು. ಎರಡು ವಾರದಲ್ಲಿ ಕಡಿಮೆ ಆಯಿತು. ಎದುರಿಗೆ ಕೂತಿದ್ದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಕೈ ಹಿಡಿದು ಬಗ್ಗಿಸಿ ನೋಡಿ ಬಿಗಿತ ಇದೆಯಾ ಅಂತ ತಿಳಿಯುತ್ತಾರಲ್ಲ, ಅದು ಯಾವ ಪರದೆಯಲ್ಲೂ ಬರುವುದಿಲ್ಲ.

ಈಗ ಆ ರಾತ್ರಿಯ ವಿಷಯ.

ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಇಂಜೆಕ್ಷನ್‌ಗೆ ಅಂತ ಬೆಳಿಗ್ಗೆ ಏಳರ ಬಸ್ಸಿಗೆ ಹೋದೆವು. "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ." ಮುಂದಿನ ವಾರ ಹೋದೆವು. ಬಂದಿಲ್ಲ. ಎರಡು ದಿನದ ಕೂಲಿ ಹೋಯಿತು, ಎರಡು ಸಲದ ಬಸ್ಸು, ಊಟ. ಹೊರಗಿನ ಮೆಡಿಕಲ್‌ಗಳಲ್ಲೂ ಸಿಗಲಿಲ್ಲ. ಮೂರನೇ ವಾರ ಅಪ್ಪನಿಗೆ ಜ್ವರ, ಹೋಗಲಿಲ್ಲ. ಆ ವಾರ ಔಷಧಿ ಬಂದಿತ್ತಂತೆ. ನಮಗೆ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. ನಮ್ಮನ್ನು ಯಾರೂ ಕರೆಯಲಿಲ್ಲ. ನಾವು ಬರಲಿಲ್ಲ ಅಂತ ಯಾರಿಗೂ ಗೊತ್ತೂ ಆಗಲಿಲ್ಲ.

ಗದ್ದೆಯಲ್ಲಿ ತೆನೆ ಬಲಿಯುವ ಹೊತ್ತಿಗೆ ತಮ್ಮನ ನಿದ್ದೆ ಹೋಯಿತು. ಮೊದಲು ಹೋಗುವುದು ಅದೇ. ಆಮೇಲೆ ಮನೆಯಲ್ಲಿದ್ದ ಎರಡೂ ಫೋನನ್ನು ಬಚ್ಚಲ ಹಂಡೆಯೊಳಗೆ ಹಾಕಿದ, ಅವು ಕೇಳಿಸಿಕೊಳ್ಳುತ್ತವೆ ಅಂತ. ಒಂದು ಕೆಟ್ಟೇ ಹೋಯಿತು, ನನ್ನದು ಅಕ್ಕಿ ಡಬ್ಬದಲ್ಲಿಟ್ಟು ಒಣಗಿಸಿ ಸರಿಯಾಯಿತು. ನಾಲ್ಕನೇ ರಾತ್ರಿ ಎದ್ದು ನೋಡಿದರೆ ಹಾಸಿಗೆ ಖಾಲಿ, ಹಿಂದಿನ ಬಾಗಿಲು ತೆಗೆದಿದೆ.

ನಮ್ಮ ಕಡೆ ಅದು ಆನೆ ಇಳಿಯುವ ಕಾಲ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಎಲ್ಲಿ ಬಂದಿದೆ ಅಂತ ನಮಗೆ ಮೆಸೇಜ್ ಹಾಕುತ್ತಾರೆ. ಎಷ್ಟೋ ಜೀವ ಉಳಿದಿದೆ ಅದರಿಂದ. ಆ ರಾತ್ರಿ ನಾನೂ ಅಪ್ಪನೂ ಪಕ್ಕದ ಮನೆಯವರೂ ಬ್ಯಾಟರಿ ಹಿಡಿದು ತೋಟದೊಳಗೆ ಅವನ ಹೆಸರು ಕೂಗುತ್ತಾ ಹೋಗುತ್ತಿದ್ದಾಗ ನನ್ನ ಫೋನ್ ಕುಯ್ ಅಂತು. ಮೇಲಿನ ಎಸ್ಟೇಟಿನಲ್ಲಿ ಆನೆಗಳಿವೆ, ಯಾರೂ ಓಡಾಡಬೇಡಿ ಅಂತ. ಅಪ್ಪ ಅಲ್ಲೇ ಕೂತುಬಿಟ್ಟರು. ಅರ್ಧ ಗಂಟೆ ಆದಮೇಲೆ ಕೆರೆಯ ಏರಿ ಮೇಲೆ ತಮ್ಮ ಸಿಕ್ಕ. ಚಪ್ಪಲಿ ಇರಲಿಲ್ಲ, ಕಾಲಿನ ತುಂಬ ಉಂಬಳ. ಅವನಿಗೆ ಅದರ ಅರಿವೇ ಇರಲಿಲ್ಲ.

ಸರ್, ಆ ಮೆಸೇಜ್ ನೋಡಿದಾಗ ಬಂದ ಯೋಚನೆ ಇವತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ. ಕಾಡಿನಲ್ಲಿರುವ ಆನೆ ರಾತ್ರಿ ಯಾವ ತೋಟದಲ್ಲಿದೆ ಅಂತ ನನ್ನ ಕೈಯಲ್ಲಿರುವ ಸಾಮಾನ್ಯ ಫೋನಿಗೆ ಹೇಳಲು ಆಗುತ್ತದೆ. ಗ್ಯಾಸ್ ಸಿಲಿಂಡರ್ ಹೊರಟರೆ ಮೆಸೇಜ್. ಗೃಹಲಕ್ಷ್ಮಿ ಎರಡು ಸಾವಿರ ಬಿದ್ದರೆ ಮೆಸೇಜ್. "ಇಂಜೆಕ್ಷನ್ ಬಂದಿದೆ, ಮಂಗಳವಾರ ಡಾಕ್ಟರು ಇರುತ್ತಾರೆ, ಬನ್ನಿ" ಅಂತ ಒಂದು ಸಾಲು ಕಳಿಸಲು ಯಾಕೆ ಆಗುವುದಿಲ್ಲ? ಅದಕ್ಕೆ ಯಾವ ದೊಡ್ಡ ಆ್ಯಪ್ ಬೇಕು? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 18ನೇ ಸೆಕ್ಷನ್ ಹೇಳುವುದೇ ಹೀಗೆ: ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದೆಲ್ಲ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ, ಉಚಿತವಾಗಿ ಸಿಗಬೇಕು. ಯಾವಾಗಲೂ ಅನ್ನುವ ಮಾತು ಅದರಲ್ಲೇ ಇದೆ.

ಆ ರಾತ್ರಿ ಒಂದೂವರೆ ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಮಾನಸಿಕ ಕಷ್ಟಕ್ಕೆ ಅಂತ ಇರುವ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಹಗಲು ರಾತ್ರಿ ಇರುತ್ತದೆ, ಉಚಿತ. ಈ ಪತ್ರ ಓದುವ ಯಾರ ಮನೆಯಲ್ಲಾದರೂ ಇಂಥ ಕಷ್ಟ ಇದ್ದರೆ ಈ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಆ ಕಡೆ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದರು. ಹೆಸರು ಕೇಳಲಿಲ್ಲ ನಾನು. ಕೊನೆಯ ಸಲ ಯಾವಾಗ ಮಲಗಿದರು, ಇಂಜೆಕ್ಷನ್ ಯಾವಾಗ ಆಗಿದ್ದು, ಕೈಗೆ ಸಿಗುವ ಹಾಗೆ ಕತ್ತಿ ಗಿತ್ತಿ ಇದೆಯಾ ಅಂತ ಕೇಳಿದರು. ಎಲ್ಲರೂ ಸುತ್ತ ನಿಂತು ಮಾತಾಡಬೇಡಿ, ಒಬ್ಬರೇ ಮಾತಾಡಿ, ಅವರಿಗೆ ಕೇಳಿಸುವುದು ಸುಳ್ಳು ಅಂತ ವಾದ ಮಾಡಬೇಡಿ ಅಂದರು. ಅಪ್ಪನನ್ನು ಹೊರಗೆ ಕಳಿಸಿದೆ. ತಮ್ಮ ನನ್ನ ಪಕ್ಕ ಬಂದು ಕೂತ. ಅಷ್ಟು ಹೊತ್ತೂ ಅವರು ಲೈನಿನಲ್ಲೇ ಇದ್ದರು. ಅವತ್ತು ನಮಗೆ ಆಸರೆಯಾಗಿದ್ದು ಆ ಕಡೆ ಇದ್ದ ಮನುಷ್ಯರು. ಅವರನ್ನು ನಮ್ಮ ಹತ್ತಿರ ತಂದಿದ್ದು ಫೋನು.

ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಮತ್ತೆ ಮೊದಲಿಂದ ಕಥೆ. ಯಾವಾಗಿಂದ ಕಾಯಿಲೆ, ಯಾವ ಔಷಧಿ, ಎಷ್ಟು ಡೋಸು. ನಾನು ಪ್ಲಾಸ್ಟಿಕ್ ಕವರಿನಿಂದ ಹನ್ನೊಂದು ವರ್ಷದ ಚೀಟಿ ತೆಗೆದು ಮೇಜಿನ ಮೇಲೆ ಹರವಿದೆ. ಕೆಲವು ಮಳೆಯಲ್ಲಿ ನೆನೆದು ಇಂಕು ಹರಡಿದೆ. ಡೋಸ್ ಓದಲು ಆಗದೆ ಡ್ಯೂಟಿ ಡಾಕ್ಟರು ನನ್ನನ್ನೇ ಕೇಳಿದರು. ನಾನು ಹತ್ತನೇ ಕ್ಲಾಸು ಓದಿದವಳು. ನನ್ನ ಬಾಯಿಮಾತಿನ ಮೇಲೆ ಅವನ ಔಷಧಿ ನಿಂತಿತ್ತು.

ಹೀಗಾಗಬೇಕಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ ಇ-ಮಾನಸ್ ಅಂತ ಕಂಪ್ಯೂಟರ್ ವ್ಯವಸ್ಥೆ ಇದೆ. ನಿಮ್ಹಾನ್ಸ್, ಐಐಐಟಿ ಅನ್ನುವ ಬೆಂಗಳೂರಿನ ಕಂಪ್ಯೂಟರ್ ವಿದ್ಯಾಸಂಸ್ಥೆ, ಸರ್ಕಾರ ಸೇರಿ ಮಾಡಿದ್ದು, ಮಾನಸಿಕ ಕಾಯಿಲೆಯವರ ದಾಖಲೆಗೆ ಅಂತಲೇ. ಟೆಲಿ ಮಾನಸ್‌ನ ಹಿಂದೆ ಇರುವವರೂ ಈ ನಿಮ್ಹಾನ್ಸ್, ಐಐಐಟಿಯವರೇ. ಅಂದರೆ ನಮ್ಮಲ್ಲಿ ಬುದ್ಧಿವಂತರಿದ್ದಾರೆ, ಮಿಷಿನ್ ಇದೆ. ಅದು ತಾಲ್ಲೂಕಿನ ಆ ಮೇಜಿನವರೆಗೆ ಬಂದು, ಒಬ್ಬರು ಅದನ್ನು ತೆರೆದು ನೋಡುವ ಹಾಗೆ ಆಗಬೇಕು, ಅಷ್ಟೇ. ಒಂದು ಮಾತು, ಇದೆಲ್ಲ ತುಂಬುವ ಕೆಲಸವನ್ನು ಮತ್ತೆ ಆಶಾ ಅಕ್ಕಂದಿರ ತಲೆಗೆ ಕಟ್ಟಬೇಡಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನಲ್ಲಿ ಧರಣಿ ಕೂತಾಗ ಪೋರ್ಟಲ್ ತೊಂದರೆಯನ್ನೂ ಹೇಳಿದ್ದರು. ನಮ್ಮೂರಿನ ಆಶಾ ಅಕ್ಕ ರಾತ್ರಿ ಹತ್ತಕ್ಕೆ ಇದೇ ಕಣದ ಮೂಲೆಯಲ್ಲಿ ನಿಂತು ಫೋಟೋ ಅಪ್‌ಲೋಡ್ ಮಾಡುವುದನ್ನು ನಾನು ನೋಡಿದ್ದೇನೆ.

ಕಂಪ್ಯೂಟರಿನಿಂದ ನನಗೆ ಬೇಕಾದ ದೊಡ್ಡ ಉಪಕಾರ ಒಂದೇ. ಇಂಜೆಕ್ಷನ್ ದಿನ ದಾಟಿದರೂ ಯಾರು ಬಂದಿಲ್ಲ ಅಂತ ಅದು ಹೇಳಲಿ. ಪ್ರತಿ ಬುಧವಾರ ಬೆಳಿಗ್ಗೆ ಒಂದು ಪಟ್ಟಿ ಬರಲಿ. ಆ ಪಟ್ಟಿ ಹಿಡಿದು ಒಬ್ಬರು ಮನುಷ್ಯರು ಫೋನ್ ಮಾಡಲಿ, "ಯಾಕಮ್ಮ ಬರಲಿಲ್ಲ?" ಅಂತ. ಅಷ್ಟು ಕೇಳಿದ್ದರೆ ನಾನು ಮಾರನೇ ದಿನವೇ ಬಸ್ಸು ಹತ್ತುತ್ತಿದ್ದೆ.

ಇದರ ಬದಲು ನಮಗೆ ಸಿಕ್ಕಿದ್ದೇನು ಗೊತ್ತಾ? ಯಾವುದೋ ಖಾಸಗಿ ಆ್ಯಪ್ ಹಾಕಿಕೊಳ್ಳಿ, ರಾತ್ರಿ ಒಂಬತ್ತಕ್ಕೆ ಮಾತ್ರೆ ನೆನಪಿಸುತ್ತದೆ ಅಂತ ಒಬ್ಬರು ಹೇಳಿದರು. ಹಾಕಿದೆವು. ತೆರೆದ ಕೂಡಲೇ ಎಲ್ಲಿದ್ದೀರಿ ಅಂತ ಲೊಕೇಶನ್ ಕೇಳಿತು, ಫೋನಿನಲ್ಲಿರುವ ನಂಬರುಗಳನ್ನೆಲ್ಲ ಕೇಳಿತು. ತಮ್ಮ ನನ್ನ ಮುಖ ನೋಡಿ, "ಮಾತ್ರೆ ನೆನಪು ಮಾಡಕ್ಕೆ ನಾನ್ ಎಲ್ಲಿದೀನಿ ಅಂತ ಇವ್ರಿಗ್ಯಾಕ್ ಬೇಕು?" ಅಂದ. ಅದು ಕಾಯಿಲೆಯ ಮಾತಲ್ಲ. ನನಗೂ ಅದೇ ಪ್ರಶ್ನೆ. ಅವತ್ತೇ ತೆಗೆದುಹಾಕಿದೆವು.

2017ರಲ್ಲಿ ಅಮೆರಿಕದಲ್ಲಿ ಒಂದು ಮಾತ್ರೆಗೆ ಒಪ್ಪಿಗೆ ಕೊಟ್ಟಿದ್ದರಂತೆ. ಏರಿಪಿಪ್ರಜೋಲ್ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆಯೊಳಗೆ ಸಣ್ಣ ಸೆನ್ಸರ್ ಇಟ್ಟು, ರೋಗಿ ನುಂಗಿದರೋ ಇಲ್ಲವೋ ಅಂತ ಫೋನಿಗೆ ಸುದ್ದಿ ಕಳಿಸುವುದು. ಸ್ಕಿಜೋಫ್ರೇನಿಯಾ ಇರುವವರಿಗೂ ಅದು. ಮೈಯೊಳಗೆ ಯಾರೋ ಏನೋ ಇಟ್ಟಿದ್ದಾರೆ ಅಂತ ಹೆದರುವ ಮನುಷ್ಯನಿಗೆ ನಿಜವಾಗಿಯೂ ಮೈಯೊಳಗೆ ಒಂದನ್ನು ಇಡುವುದು! ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂಥದ್ದು ನಮ್ಮ ಕಡೆ ಬರುವುದು ಬೇಡ.

ಮಾತಾಡುವ ಮಿಷಿನ್ ಬಗ್ಗೆಯೂ ಹೇಳಲೇಬೇಕು. ಈಗ ಹುಡುಗರ ಫೋನಿನಲ್ಲೆಲ್ಲ ಅದು ಇದೆ. ಏನು ಕೇಳಿದರೂ ಉತ್ತರ, ಕನ್ನಡದಲ್ಲೇ. ಇಂಥ ಪ್ರೋಗ್ರಾಂ ಹೊಸದಲ್ಲ. 1966ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಎಲೈಜಾ ಅಂತ ಒಂದು ಮಾಡಿದ್ದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಬಿಟ್ಟರೆ ಅದಕ್ಕೆ ಬೇರೇನೂ ಬರುತ್ತಿರಲಿಲ್ಲ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು. ಮಾಡಿದವರಿಗೇ ಅದು ಕಂಡು ಗಾಬರಿಯಾಗಿ ಆಮೇಲೆ ಜೀವಮಾನವಿಡೀ ಎಚ್ಚರಿಕೆ ಹೇಳಿದರು.

ಒಂದು ರಾತ್ರಿ ತಮ್ಮ ನನ್ನ ಫೋನಿನಲ್ಲಿ ಮೂರು ಗಂಟೆಯವರೆಗೆ ಅಂಥದ್ದೊಂದರ ಜೊತೆ ಮಾತಾಡಿದ್ದ. ಬೆಳಿಗ್ಗೆ ಓದಿದೆ. ಟವರಿನಿಂದ ನನಗೆ ಸಂದೇಶ ಬರುತ್ತದೆ ಅಂತ ಅವನು ಬರೆದಿದ್ದಾನೆ. ನಿಮ್ಮ ಅನುಭವ ನಿಮಗೆ ತುಂಬ ನಿಜ, ಯಾವ ಥರದ ಸಂದೇಶ ಅಂತ ಹೇಳುತ್ತೀರಾ ಅಂತ ಅದು ಕೇಳಿದೆ. ಹೀಗೇ ಎರಡು ಗಂಟೆ. ಅದಕ್ಕೆ ಬೇಸರ ಇಲ್ಲ, ನಿದ್ದೆ ಇಲ್ಲ. ನಾನಾಗಿದ್ದರೆ ಹತ್ತು ಗಂಟೆಗೆ ಲೈಟ್ ಆರಿಸಿ, ಹಾಲು ಕೊಟ್ಟು ಮಲಗಿಸುತ್ತಿದ್ದೆ. ಅದು ಅವನಿಗೆ ಮಲಗು ಅಂತ ಒಂದು ಸಲವೂ ಹೇಳಿರಲಿಲ್ಲ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ, ಲೈಸೆನ್ಸ್ ಇರುವ ಮನುಷ್ಯರ ಬದಲು ಎಐ, ಅಂದರೆ ಇಂಥ ಮಿಷಿನ್, ಚಿಕಿತ್ಸೆ ಕೊಡುವ ಹಾಗಿಲ್ಲ ಅಂತ ಕಾನೂನು ಮಾಡಿತು. ನಮ್ಮಲ್ಲೂ ಯಾರಾದರೂ ಖರ್ಚು ಕಡಿಮೆ ಅಂತ ಇಂಥದ್ದನ್ನು ನಿಮ್ಮ ಮೇಜಿಗೆ ತರಬಹುದು. ಚೀಟಿ ಬರೆಯಲು, ಪಟ್ಟಿ ಮಾಡಲು ಬಳಸಿಕೊಳ್ಳಿ, ಬೇಡ ಅನ್ನುವುದಿಲ್ಲ. 14416ರ ಆ ಕಡೆ ಮಾತ್ರ ಮನುಷ್ಯರೇ ಇರಲಿ. ಆ ಹೆಣ್ಣುಮಗಳ ಜಾಗದಲ್ಲಿ ಮಿಷಿನ್ ಕೂರಿಸಬೇಡಿ.

ಇನ್ನೊಂದು ನೋವು ಹೇಳಿ ಮುಗಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಒಂದು ಶಿಬಿರಕ್ಕೆ ಹೋಗಿದ್ದೆವು. ಬ್ಯಾನರ್ ಕೆಳಗೆ ಸಾಲಾಗಿ ಕೂರಿಸಿ ಫೋಟೋ ತೆಗೆದರು. ಸಂಜೆಯೊಳಗೆ ಅದು ಊರಿನ ಗ್ರೂಪುಗಳಲ್ಲೆಲ್ಲ ಓಡಾಡಿತು. ತಮ್ಮ ಎರಡನೇ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದಾನೆ. ಅದಾದಮೇಲೆ ಎಂಟು ತಿಂಗಳು ಅವನು ಸಂತೆಗೆ ಬರಲಿಲ್ಲ. ಆಮೇಲೆ ತಿಳಿಯಿತು, ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23, 24ನೇ ಸೆಕ್ಷನ್ ಪ್ರಕಾರ ಅವನ ವಿಷಯ ಗುಟ್ಟಾಗಿ ಇಡಬೇಕು, ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಇರುವುದಕ್ಕೂ ಅದು ಲಾಗೂ ಆಗುತ್ತದೆ ಅಂತ. ಫೋಟೋ ತೆಗೆದವರಿಗೆ ಕೆಟ್ಟ ಮನಸ್ಸಿರಲಿಲ್ಲ, ವರದಿಗೆ ಬೇಕಿತ್ತು ಅಷ್ಟೇ. ದಯವಿಟ್ಟು ಒಂದು ಆದೇಶ ಹೊರಡಿಸಿ, ಶಿಬಿರದ ಫೋಟೋದಲ್ಲಿ ರೋಗಿಗಳ ಮುಖ ಇರಬಾರದು ಅಂತ.

ಹಾಗೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಗಿಲು ಇರುವ ಒಂದು ಕೋಣೆ ಕೊಡಿ. ಒಳಗೆ ಒಂದು ಫೋನ್, ಸರಿಯಾದ ನೆಟ್, ಎರಡು ಕುರ್ಚಿ, ಪಕ್ಕದಲ್ಲಿ ಒಬ್ಬರು ನರ್ಸ್. ಟೆಲಿ ಮಾನಸ್ 2024ರಲ್ಲಿ ವಿಡಿಯೋ ಶುರು ಮಾಡಿದಾಗ ಮೊದಲು ಸಿಕ್ಕಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಅದನ್ನು ಕಾಫಿ ಕಣದಲ್ಲಿ ನಿಂತು ಬಳಸಲು ಆಗುವುದಿಲ್ಲ. ಆ ಕೋಣೆಯಲ್ಲಿ ನರ್ಸಮ್ಮ ಅವನ ಕೈ ಹಿಡಿದು ನೋಡಿ ಡಾಕ್ಟರಿಗೆ ಹೇಳಬಹುದು, ಕಾಲನ್ನೂ ತೋರಿಸಬಹುದು. ದನಿ ಕೇಳಿಸುತ್ತದೆ ಅಂತ ತಮ್ಮ ನಿಜ ಹೇಳಬಹುದು.

ಈಗ ಅವನು ಚೆನ್ನಾಗಿದ್ದಾನೆ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ. ಮುಂದಿನ ಇಂಜೆಕ್ಷನ್ ಬರುವ ಮಂಗಳವಾರ. ಏಳರ ಬಸ್ಸು ಬಿಟ್ಟರೆ ಆಮೇಲೆ ಹನ್ನೊಂದಕ್ಕೆ, ಅದಕ್ಕೆ ಹೋದರೆ ಓಪಿಡಿ ಮುಗಿದಿರುತ್ತದೆ. ಔಷಧಿ ಇದೆಯೋ ಇಲ್ಲವೋ ಅಂತ ಸೋಮವಾರ ಸಂಜೆಯೊಳಗೆ ತಿಳಿಸಿ. ನನ್ನ ನಂಬರ್ ಅವನ ಚೀಟಿಯ ಮೇಲೇ ಇದೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಅಕ್ಕ